ಒಂದೇ ಟೆಟ್ರಿಸ್, ಹತ್ತಾರು ಜಗಳ

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಗೇಮ್ ಟೆಟ್ರಿಸ್. ಅದನ್ನು ಆಡಿದ ಮೂವರನ್ನು ಒಂದು ಕಡೆ ಕೂರಿಸಿ ಅಭಿಪ್ರಾಯ ಕೇಳಿ ನೋಡಿ. ಮೂವರೂ ಮೂರು ಬೇರೆ ಆಟಗಳ ಬಗ್ಗೆ ಮಾತಾಡುತ್ತಿದ್ದಾರೇನೋ ಅನ್ನಿಸುತ್ತದೆ. ನಿಂಟೆಂಡೊ ಕಂಪನಿಯ ಹಳೆಯ ಕೈ ಯಂತ್ರ ಗೇಮ್ ಬಾಯ್‌ನಲ್ಲಿ ಆಡಿದವರು, ಅದೊಂದೇ ನಿಜವಾದ ಟೆಟ್ರಿಸ್, ಆಮೇಲೆ ಬಂದದ್ದೆಲ್ಲ ಮಕ್ಕಳಾಟ ಅನ್ನುತ್ತಾರೆ. ಅದನ್ನೇ ಆಡಿದ ಇನ್ನೊಬ್ಬರು, ನೆಟ್ಟಗೆ ನಾಲ್ಕು ಮನೆ ಇರುವ ಉದ್ದ ಕಡ್ಡಿ ಬೇಕಾದಾಗ ಬರುವುದೇ ಇಲ್ಲ, ಪೂರ್ತಿ ಅದೃಷ್ಟದ ಆಟ ಅಂತ ಗೊಣಗುತ್ತಾರೆ. ಅದೇ ಕಂಪನಿಯ ಆಮೇಲಿನ ಕೈ ಯಂತ್ರ ನಿಂಟೆಂಡೊ ಡಿಎಸ್‌ನಲ್ಲಿ ಆಡಿದವರ ದೂರು ಉಲ್ಟಾ. ಬಟನ್ ಒತ್ತುತ್ತಾ ಕೂತರೆ ಸೋಲೋದೇ ಇಲ್ಲವಲ್ಲ, ಇದೆಂಥ ಆಟ ಅಂತ.

ಮೂವರು ಹೇಳುವುದೂ ನಿಜ. ಪರದೆ ಮೇಲೆ ಎಲ್ಲ ಟೆಟ್ರಿಸ್‌ಗಳೂ ಒಂದೇ ಥರ ಕಾಣುತ್ತವೆ. ಏಳು ಆಕಾರದ ತುಂಡುಗಳು, ಹತ್ತು ಮನೆ ಅಗಲದ ಅಂಕಣ, ಸಾಲು ತುಂಬಿದರೆ ಮಾಯ. ಆದರೆ ಕಣ್ಣಿಗೆ ಕಾಣದ ನಿಯಮಗಳು ಪ್ರತಿ ಯಂತ್ರದಲ್ಲೂ ಬೇರೆ. ಮುಖ್ಯವಾದವು ಮೂರು. ಮುಂದಿನ ತುಂಡನ್ನು ಯಂತ್ರ ಹೇಗೆ ಆರಿಸುತ್ತದೆ? ಕೆಳಗೆ ಮುಟ್ಟಿದ ತುಂಡು ಯಾವಾಗ ಅಂಟಿಕೊಳ್ಳುತ್ತದೆ? ಬಟನ್ ಒತ್ತಿ ಹಿಡಿದರೆ ಎಷ್ಟು ಬೇಗ ಸರಿಯುತ್ತದೆ? ಆಟಗಾರರ ಹೊಗಳಿಕೆ, ಬೈಗುಳ ಎರಡೂ ಮುಕ್ಕಾಲು ಪಾಲು ಈ ಮೂರರ ಸುತ್ತಲೇ ತಿರುಗುತ್ತವೆ. ಹೇಳುವವರಿಗೆ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ, ಅಷ್ಟೇ. ನನ್ನನ್ನು ಕೇಳಿದರೆ ಇವುಗಳಲ್ಲಿ ಎರಡನೆಯದೇ ನಿಜವಾದ ಜಗಳದ ಮೂಲ. ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಆಟ ಎಷ್ಟು ಸಮಯ ಕೊಡುತ್ತದೆ ಅನ್ನುವ ಪ್ರಶ್ನೆ ಅದು.

ಮೊದಲು ಸ್ವಲ್ಪ ಹಿನ್ನೆಲೆ. ಅಲೆಕ್ಸಿ ಪಾಜಿಟ್ನೊವ್ ಈ ಆಟ ಬರೆದದ್ದು 1984ರಲ್ಲಿ, ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ. ಅವರ ಬಳಿ ಇದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ತುಂಡುಗಳನ್ನು ಆವರಣ ಚಿಹ್ನೆಗಳಿಂದಲೇ ಬಿಡಿಸಿದರು. ಐದು ಐದು ಚೌಕಗಳ ತುಂಡುಗಳನ್ನು ಜೋಡಿಸುವ ಪೆಂಟಾಮಿನೊ ಅನ್ನುವ ಒಗಟು ಅವರ ತಲೆಯಲ್ಲಿತ್ತು. ಐದು ಜಾಸ್ತಿಯಾಯಿತು ಅನ್ನಿಸಿ ನಾಲ್ಕಕ್ಕೆ ಇಳಿಸಿದರು. ನಾಲ್ಕು ಚೌಕಗಳನ್ನು ಅಂಟಿಸಿದರೆ ಏಳೇ ಏಳು ಆಕಾರ ಸಿಗುತ್ತವೆ. ಅಲ್ಲಿಂದ ಇಲ್ಲಿಯವರೆಗೆ ಎಂಟನೆಯದು ಬಂದಿಲ್ಲ.

1989ರ ಫೆಬ್ರವರಿಯಲ್ಲಿ ವಿಡಿಯೊ ಗೇಮ್ ಪ್ರಕಾಶಕ ಹೆಂಕ್ ರೋಜರ್ಸ್ ಮಾಸ್ಕೋಗೆ ಹೋಗಿ, ಎಲೋರ್ಗ್ ಅನ್ನುವ ಸರ್ಕಾರಿ ಸಂಸ್ಥೆಯ ಜೊತೆ ಕೂತು, ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಹಕ್ಕು ಪಡೆದರು. ಆ ವರ್ಷವೇ ಜಪಾನ್‌ನಲ್ಲಿ ಗೇಮ್ ಬಾಯ್ ಬಂತು. ಅಮೆರಿಕದಲ್ಲಿ ಅದರ ಪೆಟ್ಟಿಗೆಯೊಳಗೇ ಟೆಟ್ರಿಸ್ ಕ್ಯಾಸೆಟ್ ಇಟ್ಟು ಮಾರಿದರು. ಹುಡುಗರಿಗೆ ಮಾತ್ರ ಮಾರಬೇಕಾದರೆ ಮಾರಿಯೊ ಇಡಿ, ಎಲ್ಲರಿಗೂ ಮಾರಬೇಕಾದರೆ ಟೆಟ್ರಿಸ್ ಇಡಿ ಅಂತ ರೋಜರ್ಸ್ ನಿಂಟೆಂಡೊದವರಿಗೆ ಹೇಳಿದ್ದರಂತೆ. ಆ ಮಾತು ಫಲಿಸಿತು. ಮೂರು ಕೋಟಿಗೂ ಜಾಸ್ತಿ ಪ್ರತಿ ಹೋದವು. 1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೊವ್ ಅದನ್ನು ಬಾಹ್ಯಾಕಾಶಕ್ಕೂ ತೆಗೆದುಕೊಂಡು ಹೋದರು.

ನಮ್ಮ ಕಡೆ ಕಥೆ ಸ್ವಲ್ಪ ಬೇರೆ. ಗೇಮ್ ಬಾಯ್ ಕಂಡವರು ಕಡಿಮೆ. ವಿದೇಶದಲ್ಲಿದ್ದ ಚಿಕ್ಕಪ್ಪನೋ ಮಾವನೋ ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುತ್ತಿದ್ದದ್ದು ಚೀನಾದ 'ಬ್ರಿಕ್ ಗೇಮ್'. ಮೇಲೆ '9999 ಇನ್ 1' ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಅವುಗಳ ವೇಗ, ಲೆವೆಲ್ ಎಲ್ಲ ಬೇರೆ ಬೇರೆ ಎಣಿಸಿ ಸಂಖ್ಯೆ ಉಬ್ಬಿಸಿದ್ದರು. ನಮ್ಮಲ್ಲಿ ಟೆಟ್ರಿಸ್ ಅಂದರೆ ಬಹಳ ಜನಕ್ಕೆ ಇವತ್ತಿಗೂ ಅದೇ. ಅದಕ್ಕೇ ಇಲ್ಲಿ ಟೆಟ್ರಿಸ್ ಬಗ್ಗೆ ವಾದ ಎದ್ದರೆ ಇನ್ನೂ ಗೊಂದಲ. ಒಬ್ಬರು ಬ್ರಿಕ್ ಗೇಮ್‌ನ 20 ಸಾಲಿನ ಅಂಕಣ ನೆನಪಿಟ್ಟುಕೊಂಡು ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಗೇಮ್ ಬಾಯ್‌ನ 18 ಸಾಲಿನದ್ದು.

ಹೌದು, ಗೇಮ್ ಬಾಯ್‌ನಲ್ಲಿ ಸಾಲುಗಳು 18 ಮಾತ್ರ. ಇದು ಯಾರೂ ಯೋಚಿಸಿ ಮಾಡಿದ ಬದಲಾವಣೆ ಅಲ್ಲ, ಪರದೆಯ ಲೆಕ್ಕ. ಗೇಮ್ ಬಾಯ್ ಪರದೆ 160 ಚುಕ್ಕೆ ಅಗಲ, 144 ಚುಕ್ಕೆ ಎತ್ತರ. ಚಿತ್ರ ಕಟ್ಟುವ ಒಂದೊಂದು ಮನೆ 8 ಚುಕ್ಕೆಯದು. 144ನ್ನು 8ರಿಂದ ಭಾಗಿಸಿದರೆ 18. ಮೇಲಿಂದ ಕೆಳಗಿನವರೆಗೆ ಪರದೆ ಪೂರ್ತಿ ಬಳಸಿದರೂ ಅಷ್ಟೇ. ಎರಡು ಸಾಲು ಕಡಿಮೆ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಕಡ್ಡಿಗಾಗಿ ಕಾಯುತ್ತಾ ರಾಶಿ ಮೇಲಕ್ಕೇರುತ್ತಿರುವಾಗ ಈ ಎರಡು ಸಾಲಿನ ಬೆಲೆ ಗೊತ್ತಾಗುತ್ತದೆ.

ಕಡ್ಡಿ ಬರುವುದೇ ಇಲ್ಲ

ಹಾಗಾದರೆ ಕಡ್ಡಿಯ ದೂರನ್ನೇ ಮೊದಲು ನೋಡೋಣ. ಎಲ್ಲರೂ ಕಡ್ಡಿಗೆ ಯಾಕೆ ಇಷ್ಟು ಹಾತೊರೆಯುತ್ತಾರೆ? ಅಂಕದ ಲೆಕ್ಕ ಹಾಗಿದೆ. ಗೇಮ್ ಬಾಯ್‌ನಲ್ಲಿ ಆರಂಭದ ಲೆವೆಲ್‌ನಲ್ಲಿ ಒಂದು ಸಾಲು ಅಳಿಸಿದರೆ 40 ಅಂಕ, ಎರಡಕ್ಕೆ 100, ಮೂರಕ್ಕೆ 300. ನಾಲ್ಕು ಸಾಲು ಒಟ್ಟಿಗೆ ಅಳಿಸಿದರೆ 1200. ಅದೇ ನಾಲ್ಕು ಸಾಲನ್ನು ಒಂದೊಂದಾಗಿ ಅಳಿಸಿದ್ದರೆ ಸಿಗುತ್ತಿದ್ದದ್ದು 160. ಏಳೂವರೆ ಪಟ್ಟು ವ್ಯತ್ಯಾಸ. ಲೆವೆಲ್ 9ರಲ್ಲಿ ಈ ಎಲ್ಲ ಅಂಕ ಹತ್ತು ಪಟ್ಟಾಗುತ್ತದೆ, ನಾಲ್ಕು ಸಾಲಿಗೆ 12,000. ಆಟ ಮುಗಿದಾಗ ರಾಕೆಟ್ ಹಾರುವುದನ್ನು ನೋಡಬೇಕಾದರೆ ಲಕ್ಷ ದಾಟಬೇಕು, ದೊಡ್ಡ ರಾಕೆಟ್‌ಗೆ ಎರಡು ಲಕ್ಷ. ಒಂದೊಂದೇ ಸಾಲು ಅಳಿಸುತ್ತಾ ಕೂತರೆ ಅಲ್ಲಿಗೆ ಮುಟ್ಟುವುದು ಕನಸಿನ ಮಾತು. ನಾಲ್ಕು ಸಾಲನ್ನು ಒಟ್ಟಿಗೆ ಅಳಿಸುವ ತುಂಡು ಉದ್ದ ಕಡ್ಡಿ ಒಂದೇ.

ಹಾಗಾಗಿ ಆಟಗಾರರು ಒಂದು ತುದಿಯ ಕಾಲಂ ಖಾಲಿ ಬಿಟ್ಟು, ಉಳಿದ ಒಂಬತ್ತನ್ನು ತುಂಬುತ್ತಾ ಕಾಯುತ್ತಾರೆ. ಈಗ ಯಂತ್ರ ತುಂಡು ಆರಿಸುವ ರೀತಿಗೆ ಬರೋಣ. ಹಳೆಯ ಯಂತ್ರಗಳದು ಹೆಚ್ಚುಕಡಿಮೆ ದಾಳ ಹಾಕಿದ ಹಾಗೆ. ಏಳು ಮುಖದ ದಾಳ, ಪ್ರತಿ ಸಲವೂ ಹೊಸದಾಗಿ. ಹಿಂದೆ ಏನು ಬಿತ್ತು ಅನ್ನುವುದಕ್ಕೆ ಮುಂದೆ ಬೀಳುವುದಕ್ಕೂ ಸಂಬಂಧವಿಲ್ಲ. ಗೇಮ್ ಬಾಯ್‌ನಲ್ಲಿ ಈಗಷ್ಟೇ ಬಂದದ್ದು ಮತ್ತೆ ಬರುವಂತಿದ್ದರೆ ಇನ್ನೊಮ್ಮೆ ಹಾಕಿ ನೋಡುವ ಸಣ್ಣ ತಪಾಸಣೆ ಇದೆ. ಅದು ಕಟ್ಟುನಿಟ್ಟಾದದ್ದೇನೂ ಅಲ್ಲ. ಹೊಸ ಟೆಟ್ರಿಸ್‌ಗಳದು ಹೌಸಿ ಆಟದ ಚೀಲದ ಹಾಗೆ. ಏಳು ತುಂಡನ್ನೂ ಚೀಲಕ್ಕೆ ಹಾಕಿ, ಒಂದೊಂದಾಗಿ ತೆಗೆದು, ಏಳೂ ಮುಗಿದ ಮೇಲೆ ಮತ್ತೆ ತುಂಬುವುದು.

ವ್ಯತ್ಯಾಸ ಎಷ್ಟು ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಚೀಲದ ಪದ್ಧತಿಯಲ್ಲಿ ಕಡ್ಡಿ ಒಂದು ಚೀಲದ ಮೊದಲಿಗೆ ಬಂದು, ಮುಂದಿನ ಚೀಲದ ಕೊನೆಗೆ ಬಂತು ಅಂದುಕೊಳ್ಳಿ. ಅದಕ್ಕಿಂತ ಕೆಟ್ಟದ್ದು ಇರಲು ಸಾಧ್ಯವಿಲ್ಲ. ಆಗಲೂ ನಡುವೆ ಬರುವುದು 12 ತುಂಡು ಮಾತ್ರ. ಹದಿಮೂರನೆಯದು ಕಡ್ಡಿಯೇ, ಗ್ಯಾರಂಟಿ.

ದಾಳದಲ್ಲಿ ಇಂಥ ಗ್ಯಾರಂಟಿ ಇಲ್ಲ. ಒಂದು ತುಂಡು ಕಡ್ಡಿ ಆಗದೇ ಇರುವ ಸಾಧ್ಯತೆ ಏಳರಲ್ಲಿ ಆರು. ಸತತ 20 ತುಂಡು ಬಂದರೂ ಕಡ್ಡಿ ಕಾಣದಿರುವ ಸಾಧ್ಯತೆ ಸುಮಾರು ನೂರಕ್ಕೆ 4.6. ಅಷ್ಟೇನಾ ಅನ್ನಬೇಡಿ. 100 ಸಾಲು ಅಳಿಸುವ ಆಟದಲ್ಲಿ ಒಟ್ಟು ಮನೆಗಳು 1000, ಒಂದು ತುಂಡಿಗೆ ನಾಲ್ಕು ಮನೆ, ಅಂದರೆ 250 ತುಂಡು. ಅದರಲ್ಲಿ ಸುಮಾರು 36 ಕಡ್ಡಿಗಳು. ಪ್ರತಿ ಕಡ್ಡಿಯ ನಂತರ ಬರಗಾಲ ಶುರುವಾಗುವ ಅವಕಾಶ ಒಂದೊಂದು. 36 ಸಲ 4.6 ಪರ್ಸೆಂಟ್ ಅಂದರೆ, ಅಷ್ಟು ಉದ್ದದ ಒಂದು ಆಟದಲ್ಲಿ ಇಂಥ ಬರಗಾಲ ಸರಾಸರಿ ಒಂದೂವರೆ ಸಲ ಬರಬೇಕು. ಕಡ್ಡಿ ಬರಲೇ ಇಲ್ಲ ಅಂತ ಗೊಣಗುವವರು ಸುಮ್ನೆ ಹೇಳುತ್ತಿಲ್ಲ. 20 ತುಂಡು ಅಂದರೆ 80 ಮನೆ, ಅಂದರೆ ಎಂಟು ಸಾಲು. ಇರುವುದೇ ಹದಿನೆಂಟು. ಅರ್ಧ ಅಂಕಣ ತುಂಬಿದ ಹೊತ್ತಿನಲ್ಲಿ ಇಂಥ ಬರಗಾಲ ಬಂದರೆ ಕಾಯುವುದನ್ನು ಬಿಟ್ಟು ಚಿಲ್ಲರೆ ಸಾಲುಗಳನ್ನು ಅಳಿಸಿಕೊಂಡು ಜೀವ ಉಳಿಸಿಕೊಳ್ಳಬೇಕು.

ಹಳೆಯ ಆಟದ ಅಭಿಮಾನಿಗಳು ಇದನ್ನೇ ಹಿಡಿದು ವಾದಿಸುತ್ತಾರೆ. ಕಾಯುವುದೋ, ಬಿಟ್ಟುಕೊಡುವುದೋ ಅನ್ನುವ ತೀರ್ಮಾನವೇ ಆಟ ಅಂತ. ಚೀಲ ಇದ್ದಾಗ ಆ ತೀರ್ಮಾನವೇ ಬೇಕಿಲ್ಲ, ಎಣಿಸಿಕೊಂಡು ಕೂತರೆ ಸಾಕು. ಹೊಸಬರ ಉತ್ತರವೂ ಸರಿಯಾಗಿಯೇ ಇದೆ. ಇಬ್ಬರು ಸ್ಪರ್ಧೆಗೆ ಕೂತಾಗ ಒಬ್ಬರಿಗೆ ಕಡ್ಡಿಯ ಮಳೆ, ಇನ್ನೊಬ್ಬರಿಗೆ ಬರ ಆದರೆ ಗೆದ್ದದ್ದು ಯಾರು, ದಾಳವಾ? ನನಗೆ ಇದರಲ್ಲಿ ಒಂದು ಕಡೆ ನಿಲ್ಲುವುದು ಕಷ್ಟ. ಒಬ್ಬನೇ ಆಡುವಾಗ ದಾಳ ಇಷ್ಟ, ಎದುರಿಗೆ ಒಬ್ಬರು ಇದ್ದಾಗ ಚೀಲ.

ಗಣಿತದವರು ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಎಸ್ ಆಕಾರ, ಝಡ್ ಆಕಾರದ ತುಂಡುಗಳು ಒಂದಾದ ಮೇಲೊಂದು ಬರುತ್ತಲೇ ಇದ್ದರೆ ಯಾರೇ ಆಡಿದರೂ ಸೋಲು ಖಚಿತ ಅಂತ ಹೈಡಿ ಬರ್ಗೀಲ್ 1997ರಲ್ಲಿ ತೋರಿಸಿದರು. ಹೆಚ್ಚೆಂದರೆ 70,000 ತುಂಡಿನೊಳಗೆ ಕಥೆ ಮುಗಿಯುತ್ತದೆ. ಶುದ್ಧ ದಾಳದಲ್ಲಿ ಇಂಥ ಸರಣಿ ಯಾವತ್ತಾದರೂ ಒಂದು ದಿನ ಬರಲೇಬೇಕು. ಚೀಲದಲ್ಲಿ ಬರಲು ಆಗುವುದೇ ಇಲ್ಲ. ಒಂದು ಚೀಲದ ಕೊನೆಯ ಎರಡು, ಮುಂದಿನ ಚೀಲದ ಮೊದಲ ಎರಡು ಸೇರಿ ನಾಲ್ಕಕ್ಕೆ ನಿಲ್ಲುತ್ತದೆ.

ಮುಟ್ಟಿದ ಮೇಲೆ ಎಷ್ಟು ಹೊತ್ತು?

ಈಗ ಮುಖ್ಯ ವಿಷಯ. ತುಂಡು ಕೆಳಗಿಳಿದು ರಾಶಿಯನ್ನು ಮುಟ್ಟಿತು. ಆ ಕ್ಷಣಕ್ಕೇ ಅದು ಅಂಟಿಕೊಳ್ಳುವುದಿಲ್ಲ. ಸ್ವಲ್ಪ ಸಮಯ ಕೊಡುತ್ತದೆ. ಆ ಸಮಯದಲ್ಲಿ ಪಕ್ಕಕ್ಕೆ ಜಾರಿಸಬಹುದು, ಜಾಗ ಇದ್ದರೆ ತಿರುಗಿಸಬಹುದು. ಎಷ್ಟು ಸಮಯ ಅನ್ನುವುದೇ ಆಟದ ಸ್ವಭಾವ ಬದಲಿಸುತ್ತದೆ.

ಗೇಮ್ ಬಾಯ್ ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ. ಒಂದೊಂದನ್ನು ಫ್ರೇಮ್ ಅನ್ನೋಣ. ಆರಂಭದ ಲೆವೆಲ್‌ನಲ್ಲಿ ತುಂಡು ಒಂದು ಸಾಲು ಇಳಿಯಲು 53 ಫ್ರೇಮ್, ಅಂದರೆ 0.9 ಸೆಕೆಂಡ್ ತೆಗೆದುಕೊಳ್ಳುತ್ತದೆ. ಲೆವೆಲ್ 9ರಲ್ಲಿ 11 ಫ್ರೇಮ್. ಕೊನೆಯ ವೇಗ ಲೆವೆಲ್ 20ರದ್ದು, ಬರೀ 3 ಫ್ರೇಮ್. ಗೇಮ್ ಬಾಯ್‌ನಲ್ಲಿ ಅಂಟಿಕೊಳ್ಳುವುದಕ್ಕೆ ಪ್ರತ್ಯೇಕ ಗಡಿಯಾರ ಇಲ್ಲ. ಮುಂದಿನ ಸಾಲಿಗೆ ಇಳಿಯಬೇಕಾದ ಹೊತ್ತಿಗೆ ಕೆಳಗೆ ಜಾಗ ಇಲ್ಲದಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ. ಅಂದರೆ ತಿದ್ದಿಕೊಳ್ಳಲು ಸಿಗುವ ಸಮಯವೂ ಇಳಿಯುವ ವೇಗದ ಜೊತೆಯಲ್ಲೇ ಕುಗ್ಗುತ್ತದೆ. ಶುರುವಿನಲ್ಲಿ 0.9 ಸೆಕೆಂಡ್ ಆರಾಮ. ಲೆವೆಲ್ 9ಕ್ಕೆ 0.18 ಸೆಕೆಂಡ್. ಕೊನೆಗೆ 0.05 ಸೆಕೆಂಡ್. ಅಷ್ಟರಲ್ಲಿ ಮನುಷ್ಯನ ಬೆರಳು ನೋಡಿ, ಯೋಚಿಸಿ, ಒತ್ತುವುದು ಆಗದ ಮಾತು. ಮೊದಲೇ ತೀರ್ಮಾನ ಮಾಡಿರಬೇಕು. ಗೇಮ್ ಬಾಯ್ ಟೆಟ್ರಿಸ್ 'ಕಠಿಣ', 'ಖಡಕ್' ಅಂತೆಲ್ಲ ಹೇಳುವವರಿಗೆ ಹಿಡಿಸಿದ್ದು ಇದೇ ಗುಣ. ತುಂಡು ಕೆಳಗೆ ಬರುವ ಮೊದಲೇ ಆಟ ಮುಗಿದಿರುತ್ತದೆ.

2006ರಲ್ಲಿ ನಿಂಟೆಂಡೊ ಡಿಎಸ್‌ಗೆ 'ಟೆಟ್ರಿಸ್ ಡಿಎಸ್' ಬಂತು. ಅಷ್ಟು ಹೊತ್ತಿಗೆ ಪಾಜಿಟ್ನೊವ್ ಮತ್ತು ರೋಜರ್ಸ್ 1996ರಲ್ಲಿ ಕಟ್ಟಿದ 'ಟೆಟ್ರಿಸ್ ಕಂಪನಿ' ಎಲ್ಲ ಹೊಸ ಟೆಟ್ರಿಸ್‌ಗಳಿಗೂ ಒಂದೇ ನಿಯಮಾವಳಿ ಅನ್ವಯಿಸಲು ಶುರುಮಾಡಿತ್ತು. ಏಳರ ಚೀಲ, ತುಂಡು ಎಲ್ಲಿ ಬೀಳುತ್ತದೆ ಅಂತ ತೋರಿಸುವ ನೆರಳು, ಬೇಡದ ತುಂಡನ್ನು ಪಕ್ಕಕ್ಕೆ ಎತ್ತಿಡುವ ಜಾಗ, ಮುಂದಿನ ಒಂದೇ ತುಂಡಿನ ಬದಲು ಆರು ತುಂಡು ಮೊದಲೇ ತೋರಿಸುವುದು, ಇವೆಲ್ಲ ಅದರಲ್ಲಿದ್ದವು. ಇವು ಯಾವುದಕ್ಕೂ ಅಷ್ಟು ಗಲಾಟೆ ಆಗಲಿಲ್ಲ. ಗಲಾಟೆ ಆದದ್ದು ಅಂಟಿಕೊಳ್ಳುವ ನಿಯಮಕ್ಕೆ.

ಹೊಸ ನಿಯಮ ಹೀಗಿತ್ತು. ಮುಟ್ಟಿದ ಮೇಲೆ ಅರ್ಧ ಸೆಕೆಂಡ್ ಸಮಯ. ವೇಗ ಎಷ್ಟೇ ಇರಲಿ, ಅರ್ಧ ಸೆಕೆಂಡ್ ಖಾಯಂ. ಆದರೆ ಅಷ್ಟರಲ್ಲಿ ತುಂಡನ್ನು ತಿರುಗಿಸಿದರೆ ಅಥವಾ ಸರಿಸಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಎಷ್ಟು ಸಲ ಬೇಕಾದರೂ. ತಿರುಗಿಸುವ ಬಟನ್ ಒತ್ತುತ್ತಲೇ ಇದ್ದರೆ ತುಂಡು ರಾಶಿಯ ಮೇಲೆ ಸುತ್ತುತ್ತಲೇ ಇರುತ್ತದೆ, ಅಂಟಿಕೊಳ್ಳುವುದೇ ಇಲ್ಲ. ಅಷ್ಟು ಹೊತ್ತು ಎಲ್ಲಿ ಇಡಬೇಕು ಅಂತ ಯೋಚಿಸಬಹುದು. ಕಾಫಿ ಒಂದು ಗುಟುಕು ಕುಡಿದು ಬರಬಹುದು ಅಂತ ಕುಹಕ ಆಡಿದವರೂ ಇದ್ದಾರೆ. ಆಟಗಾರರು ಇದಕ್ಕೆ ಇಟ್ಟ ಹೆಸರು 'ಇನ್‌ಫಿನಿಟಿ', ಅಂದರೆ ಕೊನೆಯೇ ಇಲ್ಲದ್ದು. ಸೋಲೋದೇ ಇಲ್ಲ ಅನ್ನುವ ದೂರು ಹುಟ್ಟಿದ್ದು ಇಲ್ಲಿಂದ.

ಇದಕ್ಕೊಂದು ಇನ್ನೊಂದು ಮುಖ ಇದೆ, ಬೈಯುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಡಿಎಸ್‌ನಲ್ಲಿ ಲೆವೆಲ್ 20ಕ್ಕೆ ಬಂದಾಗ ತುಂಡು ಇಳಿಯುವುದು ಕಣ್ಣಿಗೇ ಕಾಣುವುದಿಲ್ಲ. ಮೇಲೆ ಹುಟ್ಟಿದ ಕೂಡಲೇ ಕೆಳಗಿರುತ್ತದೆ. ಗೇಮ್ ಬಾಯ್‌ನ ಅತಿ ವೇಗದಲ್ಲಾದರೂ ಮೇಲಿಂದ ಕೆಳಗೆ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಹಿಡಿಯುತ್ತದೆ. ಇಲ್ಲಿ ಅದೂ ಇಲ್ಲ. ಹಾಗಿರುವಾಗ ಮುಟ್ಟಿದ ಮೇಲೆ ಸಮಯ ಕೊಡದಿದ್ದರೆ ಆಡುವುದೇ ಅಸಾಧ್ಯ. ಗೇಮ್ ಬಾಯ್ ಗಾಳಿಯಲ್ಲಿ ಸಮಯ ಕೊಟ್ಟಿತು, ಡಿಎಸ್ ನೆಲದ ಮೇಲೆ ಕೊಟ್ಟಿತು. ಸಮಯ ಕೊಟ್ಟದ್ದು ತಪ್ಪಲ್ಲ, ಮಿತಿ ಹಾಕದೇ ಬಿಟ್ಟದ್ದು ತಪ್ಪು ಅಂತ ನನ್ನ ಅಭಿಪ್ರಾಯ.

ಮಿತಿ ಹಾಕಲು ಬರುತ್ತಿರಲಿಲ್ಲ ಅಂತಲ್ಲ. ಜಪಾನ್‌ನ ಅರಿಕಾ ಕಂಪನಿ 1998ರಲ್ಲೇ ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ 'ಟೆಟ್ರಿಸ್ ದಿ ಗ್ರ್ಯಾಂಡ್ ಮಾಸ್ಟರ್' ತಂದಿತ್ತು. ಅದರಲ್ಲೂ ತುಂಡು ಹುಟ್ಟಿದ ಕೂಡಲೇ ಕೆಳಗೆ ಬೀಳುವ ವೇಗ ಇತ್ತು, ಮುಟ್ಟಿದ ಮೇಲೆ ಅರ್ಧ ಸೆಕೆಂಡ್ ಸಮಯವೂ ಇತ್ತು. ಆದರೆ ಗಡಿಯಾರ ಮತ್ತೆ ಶುರುವಾಗಬೇಕಾದರೆ ತುಂಡು ಒಂದು ಸಾಲಾದರೂ ಕೆಳಗಿಳಿಯಬೇಕು. ನಿಂತಲ್ಲೇ ಸುತ್ತಿದರೆ ಪ್ರಯೋಜನವಿಲ್ಲ. ಟೆಟ್ರಿಸ್ ಕಂಪನಿಯ ನಿಯಮಾವಳಿಯಲ್ಲೂ ಆಮೇಲೆ ಒಂದು ಮಿತಿ ಬಂತು. ಮುಟ್ಟಿದ ಮೇಲೆ 15 ಸಲ ಸರಿಸಬಹುದು ಅಥವಾ ತಿರುಗಿಸಬಹುದು, ಅಲ್ಲಿಗೆ ಮುಗಿಯಿತು. ಇವತ್ತು ಸಿಗುವ ಹೊಸ ಟೆಟ್ರಿಸ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಕಾಣುವುದು ಈ ಹದಿನೈದರ ನಿಯಮವೇ. ಹಾಗಾಗಿ ಯಾರಾದರೂ ಹೊಸ ಟೆಟ್ರಿಸ್ ಎಲ್ಲವೂ ಕೊನೆಯಿಲ್ಲದ ಆಟ ಅಂದರೆ ಅದು ಹಳಸಿದ ದೂರು.

ಇನ್ನೂ ಒಂದು ಮಾತು. ಈ ಸುತ್ತಾಟದ ದೂರು ಒಬ್ಬರೇ ಆಡುವ ಆಟಕ್ಕೆ ಮಾತ್ರ ಅನ್ವಯಿಸುತ್ತದೆ. ಎದುರಾಳಿ ಇದ್ದಾಗ ತುಂಡನ್ನು ಸುತ್ತಿಸುತ್ತಾ ನಿಂತರೆ ಆತ ತನ್ನ ಸಾಲು ಅಳಿಸುತ್ತಾ ನಿಮ್ಮ ಅಂಕಣಕ್ಕೆ ಹೆಚ್ಚುವರಿ ಸಾಲು ಹೇರಿ ಮುಗಿಸುತ್ತಾನೆ. ಟೆಟ್ರಿಸ್ ಡಿಎಸ್ ಅನ್ನು ವೈ-ಫೈನಲ್ಲಿ ಆಡಿದವರು ಆಟವನ್ನು ಹೊಗಳುತ್ತಿದ್ದರು, ಒಬ್ಬರೇ ಕೂತು ಮ್ಯಾರಥಾನ್ ಅನ್ನುವ ಬಗೆ ಆಡಿದವರು ಬೈಯುತ್ತಿದ್ದರು. ಒಂದೇ ಆಟದ ಕಾರ್ಡು, ಎರಡು ತೀರ್ಪು. 2014ರ ಮೇ ತಿಂಗಳಲ್ಲಿ ನಿಂಟೆಂಡೊ ಆ ವೈ-ಫೈ ಸೇವೆ ನಿಲ್ಲಿಸಿತು. ಈಗ ಆ ಕಾರ್ಡು ಹಾಕಿ ನಿಂಟೆಂಡೊ ಸೇವೆಯ ಮೂಲಕ ದೂರದವರ ಜೊತೆ ಆಡಲು ಆಗುವುದಿಲ್ಲ. ಉಳಿದದ್ದು ಬೈಸಿಕೊಂಡ ಭಾಗವೇ.

ಗೋಡೆ ತೂರಿ ಹೋಗುವ ಟಿ

ಎದುರಾಳಿಯ ಮಾತು ಬಂತಲ್ಲ, ಅಲ್ಲಿ ಬೇರೆಯದೇ ಜಗಳ. ಗೇಮ್ ಬಾಯ್‌ನಲ್ಲಿ ಎರಡು ಯಂತ್ರಗಳನ್ನು ಕೇಬಲ್‌ನಿಂದ ಜೋಡಿಸಿ ಇಬ್ಬರು ಆಡಬಹುದಿತ್ತು. ಎರಡು ಸಾಲು ಅಳಿಸಿದರೆ ಎದುರಿನವರ ಅಂಕಣಕ್ಕೆ ಕೆಳಗಿನಿಂದ ಒಂದು ಕಸದ ಸಾಲು, ಮೂರಕ್ಕೆ ಎರಡು, ನಾಲ್ಕಕ್ಕೆ ನಾಲ್ಕು. ಲೆಕ್ಕ ಸರಳ. ಇಲ್ಲೂ ಕಡ್ಡಿಯೇ ರಾಜ.

ಹೊಸ ನಿಯಮಾವಳಿಯಲ್ಲಿ ಕಡ್ಡಿಗೆ ಒಬ್ಬ ಪ್ರತಿಸ್ಪರ್ಧಿ ಬಂದ, ಟಿ ಆಕಾರದ ತುಂಡು. ಮೇಲೆ ಚಾಚಿಕೊಂಡ ಮನೆಯ ಕೆಳಗೆ ಟಿ ಹೊಂದುವಂಥ ಗೂಡು ಕಟ್ಟಿ, ಟಿಯನ್ನು ಇಳಿಸಿ, ಕೊನೆ ಗಳಿಗೆಯಲ್ಲಿ ತಿರುಗಿಸಿ ಒಳಗೆ ಸೇರಿಸಬೇಕು. ಹೀಗೆ ಎರಡು ಸಾಲು ಅಳಿಸಿದರೂ ನಾಲ್ಕು ಸಾಲು ಅಳಿಸಿದಷ್ಟೇ ಕಸ ಎದುರಾಳಿಗೆ ಹೋಗುತ್ತದೆ. ಅರ್ಧ ಖರ್ಚಿನಲ್ಲಿ ಪೂರ್ತಿ ಹೊಡೆತ. ಇದು ಸಾಧ್ಯವಾಗುವುದು ತಿರುಗುವ ನಿಯಮದಿಂದ. ಗೇಮ್ ಬಾಯ್‌ನಲ್ಲಿ ತಿರುಗಲು ಜಾಗ ಇಲ್ಲದಿದ್ದರೆ ತುಂಡು ತಿರುಗುವುದಿಲ್ಲ, ಮುಗಿಯಿತು. ಹೊಸ ನಿಯಮದಲ್ಲಿ ಯಂತ್ರ ಒಟ್ಟು ಐದು ಜಾಗ ಪ್ರಯತ್ನಿಸುತ್ತದೆ. ಇದ್ದಲ್ಲೇ ಆಗದಿದ್ದರೆ ಪಕ್ಕಕ್ಕೆ, ಮೇಲಕ್ಕೆ, ಕೆಳಕ್ಕೆ ಸ್ವಲ್ಪ ಒದ್ದು ಕೂರಿಸಿ ನೋಡುತ್ತದೆ. ಗೋಡೆಗೆ ಒರಗಿದ ತುಂಡು ತಿರುಗಲಾರದೆ ಪರದಾಡದಿರಲಿ ಅನ್ನುವುದಕ್ಕೆ ಇದು ಒಳ್ಳೆಯದೇ. ಆದರೆ ಅದೇ ನಿಯಮದಿಂದ ಟಿ ಎರಡು ಸಾಲು ಕೆಳಗಿನ ಪೊಟರೆಗೆ ಹಾರಿ ಕೂರುವುದೂ ಉಂಟು. ಮೇಲೆ ಮುಚ್ಚಿಕೊಂಡಿದ್ದರೂ ಒಳಗೆ! ಮೊದಲ ಸಲ ನೋಡಿದವರು ಯಂತ್ರ ಕೆಟ್ಟಿದೆ ಅಂದುಕೊಂಡರೆ ತಪ್ಪಿಲ್ಲ.

ಟಿ ಆಟ ಗೊತ್ತಿದ್ದವರ ಕೈಯಲ್ಲಿ ಗೊತ್ತಿಲ್ಲದವರು ಎರಡು ನಿಮಿಷ ನಿಲ್ಲಲಾರರು. ಹಾಗಾಗಿ 'ಆಳವಾದ ಆಟ' ಅನ್ನುವವರೂ 'ಇದು ಟೆಟ್ರಿಸ್ಸೇ ಅಲ್ಲ' ಅನ್ನುವವರೂ ಒಂದೇ ನಿಯಮವನ್ನು ನೋಡಿ ಮಾತಾಡುತ್ತಿದ್ದಾರೆ. ನನಗೆ ಟಿ ಇಳಿಸುವುದು ಖುಷಿ ಕೊಡುತ್ತದೆ. ಆದರೆ ಅರ್ಧ ಖರ್ಚಿಗೆ ಪೂರ್ತಿ ಹೊಡೆತ ಅನ್ನುವ ದರ ಸ್ವಲ್ಪ ಅತಿಯಾಯಿತು.

ಬೆರಳಿನ ವೇಗದ ವಿಷಯಕ್ಕೆ ಬಂದರೆ, ಇದು ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ನೇರವಾಗಿ ತಟ್ಟುವ ಸಂಗತಿ. ಗೇಮ್ ಬಾಯ್‌ನಲ್ಲಿ ಬಟನ್ ಒತ್ತಿ ಹಿಡಿದರೆ ತುಂಡು ಒಂದು ಮನೆ ಸರಿದು, ಸುಮಾರು 0.4 ಸೆಕೆಂಡ್ ನಿಂತು, ಆಮೇಲೆ ಸುಮಾರು 0.15 ಸೆಕೆಂಡಿಗೆ ಒಂದರಂತೆ ಸರಿಯುತ್ತದೆ. ನಡುವಿನಿಂದ ನಾಲ್ಕು ಮನೆ ಸರಿಯಲು ಹತ್ತಿರ ಹತ್ತಿರ 0.7 ಸೆಕೆಂಡ್ ಆಯಿತು. ಲೆವೆಲ್ 20ರ ವೇಗದಲ್ಲಿ ಅಷ್ಟರೊಳಗೆ ತುಂಡು ಸುಮಾರು 14 ಸಾಲು ಇಳಿದಿರುತ್ತದೆ. ರಾಶಿ ಐದು ಸಾಲಿದ್ದರೆ ಗೋಡೆ ಮುಟ್ಟುವ ಮೊದಲೇ ಅಡ್ಡ ಸಿಕ್ಕಿಕೊಂಡಿರುತ್ತದೆ. ಒತ್ತಿ ಹಿಡಿಯುವ ಬದಲು ಪಟಪಟ ಅಂತ ಕುಟ್ಟುವುದೊಂದೇ ದಾರಿ. ಗೇಮ್ ಬಾಯ್ ಬಟನ್ ಮೆದು ಅಲ್ಲ, ಹೆಬ್ಬೆರಳು ನೋಯುತ್ತದೆ. ಕಂಟ್ರೋಲ್ ಸರಿಯಿಲ್ಲ ಅಂತ ಬರೆಯುವವರು ಸಾಮಾನ್ಯವಾಗಿ ಈ 0.4 ಸೆಕೆಂಡಿನ ಬಗ್ಗೆಯೇ ಹೇಳುತ್ತಿರುತ್ತಾರೆ.

ಉಳಿದ ದೂರುಗಳು ಚಿಕ್ಕವು. ಹಿಂಬದಿ ಬೆಳಕಿಲ್ಲದ ಪರದೆ. ಯಂತ್ರ ಆಫ್ ಮಾಡಿದರೆ ಅಳಿಸಿಹೋಗುವ ಸ್ಕೋರ್, ಇದು ಮಾತ್ರ ನಿಜಕ್ಕೂ ಹೊಟ್ಟೆ ಉರಿಸುವಂಥದ್ದು. 1998ರ 'ಟೆಟ್ರಿಸ್ ಡಿಎಕ್ಸ್' ಕ್ಯಾಸೆಟ್‌ನಲ್ಲಿ ಬ್ಯಾಟರಿ ಇಟ್ಟು ಅದನ್ನು ಸರಿಮಾಡಿದರು. ಸಂಗೀತದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಸಂಗೀತದ ಪಟ್ಟಿಯಲ್ಲಿ 'ಎ' ಆರಿಸಿದರೆ ರಷ್ಯಾದ ಜನಪದ ಧಾಟಿ ಕೊರೊಬೇನಿಕಿ, 'ಸಿ' ಆರಿಸಿದರೆ ಜರ್ಮನ್ ಸಂಗೀತಗಾರ ಬಾಖ್ ಅವರ ಧಾಟಿ.

ಇದೇ ಕಣ್ಣಿನಿಂದ ಬೇರೆ ಕೈ ಆಟಗಳನ್ನೂ ನೋಡಬಹುದು. 2004ರಲ್ಲಿ ಸೋನಿ ಪಿಎಸ್‌ಪಿ ಜೊತೆಗೆ ಬಂದ 'ಲ್ಯೂಮಿನೀಸ್' ತೆಗೆದುಕೊಳ್ಳಿ, ಟೆಟ್ಸುಯಾ ಮಿಝುಗುಚಿ ಅವರದ್ದು. ಎರಡು ಬಣ್ಣದ ಮನೆಗಳಲ್ಲಿ ಒಂದೇ ಬಣ್ಣದವನ್ನು ಚೌಕವಾಗಿ ಜೋಡಿಸಬೇಕು. ಜೋಡಿಸಿದ ಕೂಡಲೇ ಅವು ಅಳಿಯುವುದಿಲ್ಲ. ಹಾಡಿನ ತಾಳಕ್ಕೆ ತಕ್ಕಂತೆ ಎಡದಿಂದ ಬಲಕ್ಕೆ ಸಾಗುವ ಒಂದು ಗೆರೆ ಬಂದು ಅಳಿಸುತ್ತದೆ. ಹಾಡು ನಿಧಾನವಾದರೆ ಗೆರೆಯೂ ನಿಧಾನ. ಗೆರೆ ಬರುವಷ್ಟರಲ್ಲಿ ರಾಶಿ ಬೆಳೆದಿರುತ್ತದೆ. ನಿಧಾನದ ಹಾಡು ಬಂದಾಗಲೇ ಸೋತೆ ಅಂತ ಆಟಗಾರರು ಹೇಳುವುದು ಕೇಳಲು ವಿಚಿತ್ರ, ಆದರೆ ಕಾರಣ ಇಷ್ಟೇ.

2023ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಟೆಟ್ರಿಸ್ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೆ ಬಂತು. ಅದೇ 18 ಸಾಲು, ಅದೇ ಅಂಟು. ಆದರೆ ಹೊರಗಿನಿಂದ ಒಂದು ಸೌಲಭ್ಯ ಸೇರಿದೆ, ರಿವೈಂಡ್. ತುಂಡು ತಪ್ಪು ಜಾಗಕ್ಕೆ ಬಿದ್ದರೆ ಆಟವನ್ನೇ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಇಡಬಹುದು. ಇನ್‌ಫಿನಿಟಿಯಲ್ಲಾದರೂ ಅಂಟಿದ ಮೇಲೆ ಅಂಟಿದ್ದೇ. ಇಲ್ಲಿ ಅದೂ ಇಲ್ಲ. ಕಲಿಯುವವರಿಗೆ ಇದು ಒಳ್ಳೆಯದು, ಸ್ಕೋರ್ ಹೇಳಿಕೊಳ್ಳುವವರನ್ನು ಮಾತ್ರ ರಿವೈಂಡ್ ಬಳಸಿದ್ರಾ ಅಂತ ಕೇಳಲೇಬೇಕಾಗುತ್ತದೆ.

ನಿಮ್ಮ ಫೋನಿನಲ್ಲೋ, ಕೈಗೆ ಸಿಕ್ಕ ಬೇರೆ ಯಂತ್ರದಲ್ಲೋ ಇರುವ ಟೆಟ್ರಿಸ್ ಯಾವ ಜಾತಿಯದು ಅಂತ ತಿಳಿಯಲು ಜಾಸ್ತಿ ಹೊತ್ತು ಬೇಡ. ತುಂಡನ್ನು ಕೆಳಗೆ ಮುಟ್ಟಿಸಿ ತಿರುಗಿಸುತ್ತಲೇ ಇರಿ. ಒಂದೆರಡು ಸುತ್ತಿಗೇ ಅಂಟಿಕೊಂಡರೆ ಹಳೆಯ ಜಾತಿ, ಸುಮಾರು ಹದಿನೈದಕ್ಕೆ ಅಂಟಿದರೆ ಈಗಿನದು, ಅಂಟುವುದೇ ಇಲ್ಲವಾದರೆ ಡಿಎಸ್ ಕಾಲದ್ದು. ಎರಡು ಕಡ್ಡಿಗಳ ನಡುವಿನ ತುಂಡು ಎಣಿಸಿ. ಒಮ್ಮೆಯಾದರೂ ಹನ್ನೆರಡು ದಾಟಿದರೆ ಅದು ಏಳರ ಚೀಲ ಅಲ್ಲ. ಗೋಡೆಗೆ ಅಂಟಿ ನಿಂತ ಕಡ್ಡಿಯನ್ನು ತಿರುಗಿಸಿ ನೋಡಿ. ತಿರುಗದಿದ್ದರೆ ಟಿ ಆಟ ಕಲಿಯುವ ಗೊಡವೆಯೇ ಬೇಡ, ಒಂದು ಕಾಲಂ ಖಾಲಿ ಬಿಟ್ಟು ಕಡ್ಡಿಗೆ ಕಾಯಿರಿ.